ಬಸ್ಸಿನ ಮೇಲೆ ಹೊಗೆಯಾಡಿದ ಡೇರೆ

ಅರವತ್ತರ ದಶಕದ ಆರಂಭದಲ್ಲಿ ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಇದನ್ನು ಈಗಲೇ ಹೇಳಿಬಿಡಬೇಕು. ಮುಂದಿನದನ್ನು ಓದಿದ ಮೇಲೆ ಯಾರೂ ನಂಬುವುದಿಲ್ಲ.

ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದ ನನ್ನ ಮಾವ ಒಂದು ಕ್ಯಾನ್ವಾಸ್ ಡೇರೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರ ನಂತರ ಅದು ನನ್ನ ಪಾಲಿಗೆ ಬಂತು. ದಸರಾ ರಜೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಜೊತೆ ಹರಿಹರಕ್ಕೆ ಹೋಗಿ, ಹೊಳೆದಂಡೆಯಲ್ಲಿ ಡೇರೆ ಹೂಡಿ, ಎರಡು ದಿನ ಸಾಹೇಬರ ಹಾಗೆ ಇರಬೇಕೆಂಬ ಹುಚ್ಚು ಹಿಡಿಯಿತು. ಆದರೆ ಬಿಸಿಲಿಗೆ ಹಿಡಿದರೆ ಡೇರೆ ಜರಡಿಯ ಹಾಗೆ ಕಾಣುತ್ತಿತ್ತು.

"ಅಗಸೆ ಎಣ್ಣೆ ಬಳೀರಿ," ಎಂದರು ಡ್ರಾಯಿಂಗ್ ಮೇಷ್ಟ್ರು. "ಬಣ್ಣಕ್ಕೆ ನಾವು ಹಾಕೋದು ಅದನ್ನೇ. ಚೆನ್ನಾಗಿ ಒಣಗಿದ್ರೆ ಒಂದು ಹನಿ ನೀರು ಇಳಿಯಂಗಿಲ್ಲ."

ನಾನು ಗಾಣದಿಂದ ಎರಡು ಡಬ್ಬಿ ಎಣ್ಣೆ ತಂದು ಬಳಿದೆ. ಮೂರು ದಿನವಾದರೂ ಅದು ಒಣಗಲಿಲ್ಲ. ಹಿತ್ತಿಲಿನ ಧೂಳು, ಕಾಗೆಯ ಪುಕ್ಕ, ಹೆಂಡತಿಯ ಸೆರಗು ಎಲ್ಲವೂ ಅಂಟಿಕೊಂಡವು.

"ಇನ್ನಾ ಅಂಟು ಐತೆ. ಎಂಟು ದಿನ ತಡೀರಿ, ಹೊಳೆ ಎಲ್ಲಿಗೂ ಓಡಿ ಹೋಗಂಗಿಲ್ಲ," ಎಂದಳು ಅವಳು.

"ಎಣ್ಣೆಯ ಗುಣ ನನಗೆ ಗೊತ್ತು," ಎಂದೆ. ಎಣ್ಣೆ ಒರೆಸಿದ ಬಟ್ಟೆಗಳನ್ನೂ ಒಳಗೆ ತುರುಕಿ, ಡೇರೆಯನ್ನು ಬಿಗಿಯಾಗಿ ಸುತ್ತಿ, ಗೋಣಿಚೀಲಕ್ಕೆ ಹಾಕಿ ಕಟ್ಟಿದೆ. ಮರುದಿನ ಅದು ಬಸ್ಸಿನ ಮೇಲೆ ಸುಡುಬಿಸಿಲಿನಲ್ಲಿ ಕೂತು ಹೊರಟಿತು.

ಹರಿಹರ ಇನ್ನೂ ಒಂದೆರಡು ಮೈಲಿ ಇರುವಾಗ ಸುಟ್ಟ ವಾಸನೆ ಬಂತು. "ಯಾರ್ರೀ ಬೀಡಿ ಸೇದೋರು?" ಎಂದು ಕಂಡಕ್ಟರು ಕೂಗಿದ. ಯಾರೂ ಸೇದುತ್ತಿರಲಿಲ್ಲ. ಬಸ್ಸು ನಿಲ್ಲಿಸಿ ನೋಡಿದರೆ ನನ್ನ ಗೋಣಿಚೀಲ ಹೊಗೆಯಾಡುತ್ತಿತ್ತು. ಅದನ್ನು ಕೆಳಗೆ ದೂಡಿದರು. ಮುಟ್ಟಿ ನೋಡಿದೆ, ಆಗ ತಾನೇ ಒಲೆಯಿಂದ ಇಳಿಸಿದ ಪಾತ್ರೆಯಂತಿತ್ತು.

ಗಂಟು ಬಿಚ್ಚಲು ಹೋದಾಗ, ಬಸ್ಸಿನಲ್ಲಿದ್ದ ನಂದಿಗುಡಿ ಕಡೆಯ ರೈತರೊಬ್ಬರು ನನ್ನ ಕೈ ಹಿಡಿದರು. "ಬಿಚ್ಚಬ್ಯಾಡ್ರಿ. ಹಸಿ ಹುಲ್ಲು ಬಣವಿ ಒಟ್ಟಿದ್ರೂ ಹಿಂಗೇ, ಒಳಗೇ ಕಾವು ಏರ್ತೈತೆ. ಗಾಳಿ ಸೋಕಿದ್ರೆ ಭಗ್ ಅಂತೈತೆ. ಮೊದ್ಲು ನೀರು ಹಾಕ್ರಿ."

"ಬೆಂಕಿಕಡ್ಡಿ ಗೀರದೆ ಬೆಂಕಿ ಹೇಗ್ರೀ ಹತ್ತುತ್ತೆ?" ಎಂದು ತರಗತಿಯ ದನಿಯಲ್ಲೇ ಕೇಳಿ, ಮಂಡಿಯೂರಿ ಗಂಟು ಬಿಚ್ಚಿದೆ.

ಭಗ್ ಎಂದಿತು. ನನ್ನ ಹುಬ್ಬುಗಳೂ ಅರ್ಧ ಮೀಸೆಯೂ ಹೋದವು.

ಕಂಡಕ್ಟರು ಮತ್ತು ಆ ರೈತರು ಕಾಲುವೆಯಿಂದ ನೀರು ತಂದು ಸುರಿದರು. ಮಾವನ ಡೇರೆಯಲ್ಲಿ ಉಳಿದದ್ದು ಹಗ್ಗ ಪೋಣಿಸುವ ನಾಲ್ಕಾರು ಹಿತ್ತಾಳೆ ಬಳೆಗಳು. ರೈತರು ನನ್ನ ಮುಖವನ್ನು ಮರುಕದಿಂದ ನೋಡಿದರು. "ಮೇಷ್ಟ್ರಂತೆ, ಏನು ಪಾಠ ಮಾಡ್ತೀರಿ?"

"ಕನ್ನಡ," ಎಂದುಬಿಟ್ಟೆ. ಡ್ರಾಯಿಂಗ್ ಮೇಷ್ಟ್ರು ಕಾಲುವೆಯ ಕಡೆ ತಿರುಗಿ ನಿಂತರು.

ಹರಿಹರಕ್ಕೆ ಹೋಗದೆ, ಎದುರು ಬಂದ ಬಸ್ಸು ಹತ್ತಿ ಸಂಜೆಯೊಳಗೆ ಮನೆ ಸೇರಿದೆ. ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಸುಟ್ಟ ಜಾಗಕ್ಕೆ ಬೆಣ್ಣೆ ಹಚ್ಚಿ ಅಡುಗೆಮನೆಗೆ ಹೋದಳು. ಒಳಗಿನಿಂದ ಬಿಕ್ಕಿದಂಥ ಸದ್ದು ಕೇಳಿ, ಮೊದಲು ಅಳುತ್ತಿದ್ದಾಳೆಂದುಕೊಂಡೆ. ಸಮಾಧಾನ ಮಾಡಲು ಎದ್ದು ಹೋದರೆ, ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು.