ಫೆಲಿಕ್ಸನ ಪರವಾಗಿ

ಮಂಗಳೂರಿನಿಂದ ಉಡುಪಿಗೆ ಹೊರಟಿದ್ದವನು ಕಾಪುವಿನಲ್ಲೇ ಬಸ್ಸಿಳಿದೆ. ಕಾಲೇಜಿನ ಗೆಳೆಯ ಫೆಲಿಕ್ಸನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತ ಮೇಲೆ ನಾನು ಅವನನ್ನು ನೋಡಲು ಬಂದದ್ದು ಇದೇ ಮೊದಲು. ಮನೆಯ ಜಗಲಿಯಲ್ಲಿ ಅವನ ಜೊತೆ ನಮ್ಮ ಇನ್ನೊಬ್ಬ ಗೆಳೆಯ ಶೇಖರನೂ ಇದ್ದ. ಇವರಿಬ್ಬರೂ ಆಗಿನಿಂದಲೂ ಎದುರುಬದುರು ಪಕ್ಷದವರು. ಊಟಕ್ಕೆ ಕುಳಿತರೂ ಮೀನಿನ ಸಾರು ತಣಿಯುವವರೆಗೆ ವಾದಿಸುತ್ತಿದ್ದರು.

ಶೇಖರ ಪೇಪರಿನ ಸುದ್ದಿಯೊಂದನ್ನು ಓದಿ ತನ್ನ ಪಕ್ಷವನ್ನು ಸಮರ್ಥಿಸಿಕೊಂಡ. ಆಮೇಲೆ ಫೆಲಿಕ್ಸನ ಪಕ್ಷದ ಕಡೆಯಿಂದ ತನ್ನದೇ ಮಾತುಗಳನ್ನು ಒಂದೊಂದಾಗಿ ಖಂಡಿಸತೊಡಗಿದ. ಅದನ್ನೂ ಅಷ್ಟೇ ಚೆನ್ನಾಗಿ ಹೇಳಿದ. ನನಗೆ ಆಶ್ಚರ್ಯವಾಯಿತು.

"ಎಂತ, ಪಕ್ಷ ಬದಲಿಸಿದೆಯಾ?" ಎಂದು ಕೇಳಿದೆ.

"ಇಲ್ಲ ಮಾರಾಯ. ಇವನಿಗೆ ಹೇಳಲಿಕ್ಕೆ ತುಂಬಾ ಉಂಟು, ಬಾಯಿಗೆ ಬರುವುದಿಲ್ಲ. ಯಾರಾದರೂ ಹೇಳಬೇಕು ಅಲ್ವಾ? ಇಷ್ಟು ವರ್ಷ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ."

ನಡುವೆ ಒಂದು ಮಾತಿಗೆ ಫೆಲಿಕ್ಸ್ ಹಾಗಲ್ಲ ಎನ್ನುವಂತೆ ತಲೆಯಲ್ಲಾಡಿಸಿದ. ಶೇಖರ ಅದನ್ನೇ ಬೇರೆ ರೀತಿಯಲ್ಲಿ ಹೇಳಿ ನೋಡಿದ. ಫೆಲಿಕ್ಸ್ ಮತ್ತೆ ತಲೆಯಲ್ಲಾಡಿಸಿದ.

ಶೇಖರ ಪೇಪರನ್ನು ಮಡಚಿಟ್ಟು, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡ.

"ಹಾಗಾದರೆ ನೀನೇ ಹೇಳು. ಇವತ್ತು ನೀನೇ ಗೆಲ್ಲು," ಎಂದ, ಮೆಲ್ಲಗೆ.

ಫೆಲಿಕ್ಸನ ತುಟಿಗಳು ಅಲುಗಿದವು. ಒಂದು ಕಾಲದಲ್ಲಿ ಕಾಲೇಜಿನ ಇಡೀ ಕ್ಯಾಂಟೀನಿಗೆ ಕೇಳಿಸುತ್ತಿದ್ದ ಆ ದನಿಗಾಗಿ ನಾವಿಬ್ಬರೂ ಅವನ ಬಾಯಿಯನ್ನೇ ನೋಡುತ್ತ ಕುಳಿತೆವು.