ವಾಸನೆಯಿಲ್ಲದ ಹೂ

ಬಸವಕಲ್ಯಾಣದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಹುಮನಾಬಾದಿನ ಇಂಗ್ಲಿಷರ ಕಾಲದ ಹಳೆಯ ಬಂಗಲೆಯ ಹಿತ್ತಲಿಗೆ ಹೋದರೆ ಆಳೆತ್ತರದ ಹಾಲಿಹಾಕ್ ಗಿಡಗಳು ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿದ್ದವು. ಈ ಇಂಗ್ಲಿಷ್ ಹೂವನ್ನು ಈ ಬಿಸಿಲಲ್ಲಿ ನಾನು ನಿರೀಕ್ಷಿಸಿರಲಿಲ್ಲ. ತೋಟ ನೋಡಿಕೊಳ್ಳುವ ಶರೀಫಾಬಿ ನೀರು ಹಾಕುತ್ತಿದ್ದರು.

"ವಾಸನಿ ಇಲ್ಲಂತ ದರ್ಗಾಕ್ಕ ಒಯ್ಯಾಂಗಿಲ್ರಿ, ಗುಡಿಗೂ ಯಾರೂ ಕೇಳಾಂಗಿಲ್ಲ. ಇಲ್ಲಿದ್ದ ಮೇಮ್‌ಸಾಬ್ ಊರು ಬಿಡೋವಾಗ ನಮ್ಮ ಮಾವನ ಅಜ್ಜನ ಕೈಯಾಗ ಬೀಜ ಕೊಟ್ಟಿದ್ಳಂತ. ಆಕಿ ಕೂಸಿನ ಗೋರಿಗಷ್ಟ ಹಾಕ್ತೀವ್ರಿ."

ಬೇವಿನ ಮರದ ಕೆಳಗೆ ಮೊಳದುದ್ದದ ಕಲ್ಲು, ಅದರ ಮೇಲೆ ಅಂದಿನ ಹೂ. ಅಕ್ಷರಗಳು ಪೂರ್ತಿ ಸವೆದಿದ್ದವು.

"ಹೆಸರೇನು?"

"ಗೊತ್ತಿಲ್ರಿ. ಕೂಸು ಅಂತೀವಿ."

ನಾಲ್ಕು ಬೀಜ ಬೇಡಿದೆ. ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈಗೆ ಹಾಕುತ್ತ ಅವರು ಸಹಜವಾಗಿ ಕೇಳಿದರು: "ನಿಮ್ಮಲ್ಲಿ ಯಾವ ಕೂಸಿಗ್ರಿ?"

ನಾನು ಬೇಡಿದ್ದು ಬಾಲ್ಕನಿಯ ಕುಂಡಕ್ಕೆ. ಆದರೆ ನಮ್ಮ ಮನೆಯಲ್ಲಿ ಯಾರೂ ಎತ್ತದ ಹೆಸರೊಂದಿದೆ, ಒಂಬತ್ತು ದಿನ ಬದುಕಿದ್ದ ನನ್ನ ತಂಗಿಯದು. ಅದನ್ನು ಹೇಳಿದೆ.

ಶರೀಫಾಬಿ ಆ ಹೆಸರನ್ನು ತಾವೂ ಒಮ್ಮೆ ಹೇಳಿಕೊಂಡು, ಇನ್ನೆರಡು ಬೀಜ ಹಾಕಿದರು.