"ನನ್ನ ಬಾಯಿಂದ ಹೇಳಿಸ್ಬೇಡಿ" ಎಂದ ಬಾಗಿ

ಈಗಷ್ಟೇ ಬೆಳಕು ಹರಿಯುತ್ತಿದೆ. ಮಂಗಳೂರಿನ ಶಕ್ತಿನಗರದಲ್ಲಿ ಧರ್ಮಭಗಿನಿಯರು ನಡೆಸುವ ಆರೈಕೆ ಮನೆಯ ವಾರ್ಡಿನಲ್ಲಿ ಬಾಗಿ, ಸತ್ಯಭಾಮಾ ಟೀಚರ ಹೆಗಲಡಿಗೊಂದು, ಸೊಂಟದಡಿಗೊಂದು ಕೈ ಕೊಟ್ಟು ಮೆಲ್ಲನೆ ಮಗ್ಗುಲು ಬದಲಿಸುತ್ತಾರೆ. ಬೆನ್ನು ಒರೆಸಿ ಪೌಡರ್ ಹಾಕುತ್ತಾರೆ.

"ಇವತ್ತು ಎಂತ ನಿನ್ನ ಕೈ ಇಷ್ಟು ತಣ್ಣಗೆ?" ಟೀಚರು ಕೇಳುತ್ತಾರೆ.

"ನೀರು ತಣ್ಣಗೆ ಉಂಟು ಟೀಚರ್."

ಅದು ಸುಳ್ಳು. ಈ ಮನೆಯನ್ನು ಮುಚ್ಚಬೇಕೇ ಎಂದು ತೀರ್ಮಾನಿಸುವ ಸಭೆ ಇವತ್ತು. ಇಲ್ಲಿ ಹಾಸಿಗೆ ಹಿಡಿದಿರುವ ಹನ್ನೊಂದು ಹೆಂಗಸರಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ.

ಐವತ್ತನಾಲ್ಕರ ಬಾಗಿ ಕಾವೂರಿನವರು, ಬೇಸಾಯದ ಮನೆತನದ ಸೊಸೆ. ವರ್ಷಗಳ ಹಿಂದೆ ಅತ್ತೆಗೆ ಲಕ್ವ ಹೊಡೆದಾಗ ಅವರ ಬೆನ್ನಿನ ಹುಣ್ಣಿಗೆ ಮದ್ದು ಹಚ್ಚಲು ಮನೆಗೆ ಬರುತ್ತಿದ್ದವರು ಸಿಸ್ಟರ್ ಎವ್ಲಿನ್. "ಅವರು ಮಾಡುದನ್ನು ನೋಡಿಯೇ ಕಲಿತದ್ದು. ಅತ್ತೆ ಹೋದ ಮೇಲೆ, ನಮ್ಮಲ್ಲಿಗೆ ಬರ್ತೀಯಾ ಅಂತ ಕೇಳಿದ್ರು. ಬಂದೆ." ಗಂಡ ದುಗ್ಗಪ್ಪ ಮೊದಮೊದಲು ಒಪ್ಪಲಿಲ್ಲ. ನಿನ್ನನ್ನು ಅವರ ಮತಕ್ಕೆ ಸೇರಿಸ್ತಾರೆ ಎಂದು ಹೆದರಿಸಿದ ನೆರೆಯವರೂ ಇದ್ದರು. "ಇಷ್ಟು ವರ್ಷದಲ್ಲಿ ಒಬ್ಬರೂ ಆ ಮಾತು ಎತ್ತಲಿಲ್ಲ. ಅವರು ಪ್ರಾರ್ಥನೆಗೆ ಹೋದಾಗ ನಾನು ವಾರ್ಡಿನಲ್ಲಿ ಇರ್ತೇನೆ, ಅಷ್ಟೆ."

ಈಗಿನ ಕಷ್ಟ ಬೇರೆಯೇ. ಈ ಮನೆಯಲ್ಲಿ ಉಳಿದಿರುವ ಸಿಸ್ಟರುಗಳು ಮೂವರೇ. ಎವ್ಲಿನ್ ಅವರೇ ಕೋಲು ಹಿಡಿದು ನಡೆಯುತ್ತಾರೆ. ಸಂಸಾರಸ್ಥರಾಗಿದ್ದೇ ಈ ಸೇವೆಗೆ ಕೈಜೋಡಿಸಿದ ಸಹಭಾಗಿಗಳಲ್ಲಿ ಹೆಚ್ಚಿನವರು ಹಬ್ಬಕ್ಕೋ ಭಾನುವಾರಕ್ಕೋ ಬಂದು ಹೋಗುವವರು. ಮುಂದಿನ ದಾರಿಯನ್ನು ಒಟ್ಟಿಗೆ ಯೋಚಿಸಲೆಂದು ಮುಖ್ಯಸ್ಥೆ ಸಿಸ್ಟರ್ ಜಾನೆಟ್ ಎಲ್ಲರನ್ನೂ ಕರೆದಿದ್ದಾರೆ.

ಸಹಭಾಗಿಗಳಲ್ಲೊಬ್ಬರಾದ ನಿವೃತ್ತ ಇಂಜಿನಿಯರ್ ಗ್ರೆಗರಿ ಸುತ್ತಿ ಬಳಸಿ ಮಾತಾಡುವುದಿಲ್ಲ. "ಆಗದ್ದನ್ನು ಎಳೆಯುವುದು ಸೇವೆ ಅಲ್ಲ ಸಿಸ್ಟರ್. ಬೇರೆ ಊರುಗಳಲ್ಲಿ ಬೆಡ್ ಉಂಟು. ಇವರನ್ನು ಅಲ್ಲಿಗೆ ಕಳಿಸುವ." ಯಾರೂ ಎದುರಾಡುವುದಿಲ್ಲ. ಜಾನೆಟ್ ಹಿಂದಿನ ಸಾಲಿನಲ್ಲಿ ಕುಳಿತ ಬಾಗಿಯ ಕಡೆ ತಿರುಗುತ್ತಾರೆ. "ಬಾಗಿ, ನಿನ್ನ ಮಾತು ವಾರ್ಡಿನವರು ಕೇಳ್ತಾರೆ. ಅವರಿಗೆ ಮೆಲ್ಲ ಹೇಳ್ತೀಯಾ?"

ಇಂಥ ಸಭೆಗಳಲ್ಲಿ ಒಮ್ಮೆಯೂ ಬಾಯಿ ತೆರೆಯದ ಬಾಗಿ ಎದ್ದು ನಿಲ್ಲುತ್ತಾರೆ. ಮುಖ ಕೆಂಪಾಗಿದೆ.

"ಇಲ್ಲ ಸಿಸ್ಟರ್. ನಡೆಸ್ಲೇಬೇಕು ಅಂತ ನಾನು ಹೇಳುದಿಲ್ಲ. ನನ್ನ ಸೊಂಟವೂ ಹೋಗಿದೆ. ಆದರೆ ಮುಚ್ಚುದಾದ್ರೆ ನೀವೇ ಅವರ ಹತ್ರ ಕೂತು ಹೇಳಿ. ನನ್ನ ಬಾಯಿಂದ ಹೇಳಿಸ್ಬೇಡಿ."

"ಬಾಗಿ, ಇದು ಎಲ್ಲರ ತೀರ್ಮಾನ," ಗ್ರೆಗರಿಯ ದನಿ ಏರುತ್ತದೆ.

"ಎಲ್ಲರದ್ದಾ? ಅವರನ್ನು ಕೇಳಿದ್ದೀರಾ? ನನ್ನನ್ನು ಕೇಳಿದ್ದೀರಾ?"

ಎವ್ಲಿನ್ ಕಣ್ಣು ಮುಚ್ಚಿಕೊಂಡಿದ್ದಾರೆ. ಕೊನೆಗೆ ಜಾನೆಟ್ ಎದ್ದು ವಾರ್ಡಿನತ್ತ ನಡೆಯುತ್ತಾರೆ, ಹಿಂದೆಯೇ ಗ್ರೆಗರಿ.

ಟೀಚರ ಮಂಚದ ಅಂಚಿನಲ್ಲಿ ಕುಳಿತು ಜಾನೆಟ್ ಮಾತು ತೆಗೆಯುತ್ತಾರೆ. "ಟೀಚರ್, ನಮಗೆ ಇನ್ನು ನಡೆಸ್ಲಿಕ್ಕೆ..." ಉಳಿದದ್ದು ಟೀಚರಿಗೆ ಅರ್ಥವಾಗುತ್ತದೆ. ಅವರು ಅಳುವುದಿಲ್ಲ. "ಎಲ್ಲಿಗೆ ಹೇಳ್ತೀರೋ ಅಲ್ಲಿಗೆ ಹೋಗ್ತೇನೆ ಸಿಸ್ಟರ್. ಆದರೆ ಪಕ್ಕದ ಬೆಡ್ಡಿನವಳಿಗೆ ಕಣ್ಣು ಕಾಣುದಿಲ್ಲ. ಅವಳನ್ನು ನನ್ನಿಂದ ಬೇರೆ ಮಾಡ್ಬೇಡಿ."

ಜಾನೆಟ್ ಎರಡನೆಯ ಮಂಚಕ್ಕೆ ಹೋಗುವುದಿಲ್ಲ. ಹೋಗಲು ಆಗುವುದಿಲ್ಲ.

ಮಧ್ಯಾಹ್ನ ಸಭೆ ಮತ್ತೆ ಸೇರುತ್ತದೆ. ವಾದ ಜೋರಾಗಿಯೇ ನಡೆಯುತ್ತದೆ. ಸಂಜೆಯ ಹೊತ್ತಿಗೆ ಒಂದು ಮಾತಿಗೆ ಬರುತ್ತಾರೆ: ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ, ಇರುವವರನ್ನು ಸದ್ಯಕ್ಕೆ ಎಲ್ಲಿಗೂ ಕಳಿಸುವುದಿಲ್ಲ. ಸಹಭಾಗಿಗಳು ಪಾಳಿಯಲ್ಲಿ ದುಡಿಯಬೇಕು. ಮೊದಲು ಕೈ ಎತ್ತಿದವರು ಗ್ರೆಗರಿ.

ಈಗ ಎರಡು ತಿಂಗಳು ಕಳೆದಿದೆ. ಪಾಳಿಗೆ ಒಪ್ಪಿಕೊಂಡು ಅರ್ಧದಲ್ಲೇ ಬಿಟ್ಟವರಿದ್ದಾರೆ. ಗ್ರೆಗರಿ ಮಾತ್ರ ಗುರುವಾರ ತಪ್ಪದೆ ಬಂದು ರಾಶಿ ಬಟ್ಟೆ ಒಗೆದು ಹೋಗುತ್ತಾರೆ. ಬಾಗಿಯೊಂದಿಗೆ ಅವರ ಮಾತು ಇನ್ನೂ ಕಡಿಮೆಯೇ.

ನೀವು ಗೆದ್ದಿರಿ ಎಂದರೆ ಬಾಗಿ ಒಪ್ಪುವುದಿಲ್ಲ. "ಗೆದ್ದದ್ದು ಎಂತದ್ದೂ ಇಲ್ಲ ಮಾರಾಯ್ರೆ. ಬರುವ ವರ್ಷ ಪುನಃ ಮೀಟಿಂಗ್ ಉಂಟು. ಆಗ ಎಂತ ಆಗ್ತದೋ ಯಾರಿಗೆ ಗೊತ್ತು. ಆದರೆ ಈಗ ಜಾನೆಟ್ ಸಿಸ್ಟರ್ ಎಂತ ಮಾಡುದಾದ್ರೂ ಮೊದಲು ನನ್ನ ಹತ್ರ ಕೇಳ್ತಾರೆ."